ಪಿಪಿಟ್ ಕಾರಿನ ಮೂರನೇ ಹಾಳೆ

ಕೆಂಟ್
12 ಮೇ 2025

ವೀರಣ್ಣ ಅವರಿಗೆ,

ಇಷ್ಟು ವರ್ಷಗಳ ಮೇಲೆ ನನ್ನ ಕೈಬರಹ ನೋಡಿ ನಿಮಗೆ ಆಶ್ಚರ್ಯವಾಗಬಹುದು. ಕುಶಲ ವಿಚಾರಿಸಲು ಬರೆಯುತ್ತಿಲ್ಲ. ಒಂದು ಸುಳ್ಳನ್ನು ತಿದ್ದಿಸಲು ಬರೆಯುತ್ತಿದ್ದೇನೆ.

ನಿನ್ನೆ ಭಾನುವಾರ ನನ್ನ ಮಗ ನೆಲ್ಸನ್ ನನ್ನನ್ನು ಸಿಯಾಟಲ್ ಆಚೆಯ ವುಡಿನ್‌ವಿಲ್‌ಗೆ ಕರೆದುಕೊಂಡು ಹೋಗಿದ್ದ. ಅಲ್ಲೊಂದು ವೈನರಿಯ ಅಂಗಳದಲ್ಲಿ ಹಳೆಯ ಕಾರುಗಳ ಪ್ರದರ್ಶನ. ಮೂರನೇ ಸಾಲಿನಲ್ಲಿ ನಮ್ಮ ಪಿಪಿಟ್ ನಿಂತಿತ್ತು. ನಮ್ಮ ಎಂದು ಬರೆದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ಅದರ ಚಾಸಿಯ ಮುಂದಿನ ಅಡ್ಡ ಕೊಳವೆಯ ಬೆಸುಗೆ ಇವತ್ತಿಗೂ ನನ್ನದೇ, ಬಗ್ಗಿ ನೋಡಿ ಬಂದಿದ್ದೇನೆ.

ಕಾರಿನ ಮುಂದೆ ಒಂದು ಬೋರ್ಡು ಇತ್ತು. ಅದರಲ್ಲಿದ್ದದ್ದು ಇಷ್ಟು: "1958ರ ಇಂಗ್ಲಿಷ್ ಪಿಪಿಟ್. ತುಂಡುಗಳಿಂದ ಜೋಡಿಸಿದವರು ವೀರಣ್ಣ ಹೊಸಮನಿ. 1997ರಲ್ಲಿ ಚಾಲಕನ ತಪ್ಪಿನಿಂದ ಅಪಘಾತಕ್ಕೀಡಾಯಿತು. ನಂತರ ದುರಸ್ತಿಯಾಯಿತು."

ಚಾಲಕನ ತಪ್ಪಿನಿಂದ. ಆ ದಿನ ಸ್ಟೀರಿಂಗ್ ಹಿಡಿದಿದ್ದವನು ನಾನು. ಜೋಡಿಸಿದವರಲ್ಲಿ ನನ್ನ ಹೆಸರಿಲ್ಲ, ಕೆಡವಿದವರಲ್ಲಿ ಮಾತ್ರ ನಾನಿದ್ದೇನೆ.

ನಿಮ್ಮ ಮಗಳು ನಿಕಿತಾ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಗುರುತು ಹಿಡಿದಳು, ಪಾಪ. ನಾನು ಕನ್ನಡದಲ್ಲಿ ಕೇಳಿದೆ, "ಇದನ್ನು ಬರೆದದ್ದು ಯಾರು ಮಾರಾಯ್ತಿ?" ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು: ತಾನೇ ಬರೆದದ್ದು, ಪೊಲೀಸ್ ವರದಿಯಲ್ಲಿ ಹಾಗೇ ಇದೆ, ಅಪ್ಪ ಓದಿ ಏನೂ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಕಾರನ್ನು ಇಲ್ಲೇ ಕೆಂಟ್‌ನ ಒಂದು ಸಣ್ಣ ವಸ್ತುಸಂಗ್ರಹಾಲಯಕ್ಕೆ ಕೊಡುತ್ತಿದ್ದೀರಂತೆ. ಆಗ ಇದೇ ವಾಕ್ಯಗಳನ್ನು ಲೋಹದ ಫಲಕದಲ್ಲಿ ಕೊರೆಸುತ್ತಾರಂತೆ.

ಕಾಗದದ ಮೇಲಿನ ಸುಳ್ಳನ್ನು ಮಳೆ ಅಳಿಸುತ್ತದೆ. ಲೋಹದ ಮೇಲಿನದ್ದು ನನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ, ಅದೂ ನನ್ನ ಮನೆಯಿಂದ ಎರಡು ಮೈಲಿ ದೂರದಲ್ಲಿ. ಚಕ್ರ ಕಳಚಿದ್ದು ಏಕೆಂದು ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನೇ ಬರೆಯಿಸಿ. ಇಲ್ಲವಾದರೆ ನಾನು ವಸ್ತುಸಂಗ್ರಹಾಲಯದವರಿಗೆ ಬರೆಯುತ್ತೇನೆ. ಕೌಂಟಿ ಕಚೇರಿಯವರನ್ನು ಕೇಳಿ ನೋಡಿ, ನಾನು ಬರೆಯುವುದಕ್ಕೆ ಹಿಡಿದರೆ ನಿಲ್ಲಿಸುವುದಿಲ್ಲ.

ಇತಿ,
ಒಸ್ವಾಲ್ಡ್ ಪಿಂಟೊ


ಕರ್ಕ್‌ಲ್ಯಾಂಡ್
29 ಮೇ 2025

ಒಸ್ವಾಲ್ಡ್ ಅವರಿಗೆ,

ಪತ್ರ ತಲುಪಿತು. ಬೋರ್ಡು ನಿಕಿತಾ ಬರೆದದ್ದು. ನಾನು ಓದಿದ್ದೆ, ನಿಜ. ಸುಮ್ಮನಿದ್ದದ್ದೂ ನಿಜ.

ವಸ್ತುಸಂಗ್ರಹಾಲಯದವರು ಎರಡು ಕೇಳಿದ್ದಾರೆ. ಫಲಕಕ್ಕೆ ನಾಲ್ಕೈದು ವಾಕ್ಯ, ಅವರ ಕಡತಕ್ಕೆ ಕಾರಿನ ಪೂರ್ತಿ ಇತಿಹಾಸ. ಆಗಸ್ಟ್ ಕೊನೆಯೊಳಗೆ ಕೊಡಬೇಕು. ತಾರೀಖು, ಹೆಸರು, ಅಳತೆ ಎಲ್ಲ ನಿಮಗೆ ನನಗಿಂತ ಚೆನ್ನಾಗಿ ನೆನಪಿರುತ್ತವೆ. ನೀವೇ ಬರೆದು ಕಳಿಸಿ. ಓದಿ, ಒಪ್ಪಿಗೆಯಾದರೆ ನಾನೂ ಸಹಿ ಮಾಡುತ್ತೇನೆ. ಒಂದೇ ಮಾತು: ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದು ಬರೆಯಿರಿ.

ಫೋನಿನಲ್ಲಿ ಮಾತಾಡಬಹುದಿತ್ತು, ಆದರೆ ನನಗೆ ಈಗ ಎರಡೂ ಕಿವಿ ಸರಿಯಾಗಿ ಕೇಳುವುದಿಲ್ಲ. ಇಪ್ಪತ್ತು ವರ್ಷ ರಿವೆಟ್ ಹೊಡೆಯುವ ಶಬ್ದದ ಪಕ್ಕದಲ್ಲಿ ನಿಂತದ್ದರ ಫಲ. ಕಾಗದವೇ ವಾಸಿ.

ವೀರಣ್ಣ


ಕೆಂಟ್
20 ಜೂನ್ 2025

ವೀರಣ್ಣ ಅವರಿಗೆ,

ಇತಿಹಾಸ ಬರೆದಿದ್ದೇನೆ. ಇಂಗ್ಲಿಷಿಗೆ ನಿಕಿತಾ ಮಾಡಿಕೊಳ್ಳಲಿ. ನೀವು ಹೇಳಿದಂತೆ ಖಚಿತವಿಲ್ಲದ ಕಡೆ ಹಾಗೆಯೇ ಬರೆದಿದ್ದೇನೆ. ಅಂಥ ಜಾಗಗಳು ಹೆಚ್ಚಿಲ್ಲ.

"ಪಿಪಿಟ್ ಎಂಬುದು ಹುಲ್ಲಿನಲ್ಲಿ ಓಡಾಡುವ ಒಂದು ಚಿಕ್ಕ ಹಕ್ಕಿಯ ಹೆಸರು. 1957ರಲ್ಲಿ ಇಂಗ್ಲೆಂಡಿನ ಇಬ್ಬರು ಅಣ್ಣತಮ್ಮಂದಿರು ಹಾಲಿನ ಡೈರಿಯೊಂದರ ಹಿಂದಿನ ಶೆಡ್ಡಿನಲ್ಲಿ ಈ ಹೆಸರಿನ ಕಾರು ಮಾಡಲು ಶುರುಮಾಡಿದರು. ಬೆರಳು ಗಾತ್ರದ ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಅಲ್ಯುಮಿನಿಯಂ ತಗಡು, ಯಾವುದೋ ಸಾಧಾರಣ ಮನೆಬಳಕೆಯ ಕಾರಿನ ಎಂಜಿನ್ನು. ಬಾಗಿಲಿಲ್ಲ, ಮೇಲ್ಛಾವಣಿಯಿಲ್ಲ. ಒಟ್ಟು ತೂಕ ಒಂಬೈನೂರ ಹತ್ತು ಪೌಂಡು. ದೊಡ್ಡ ಎಂಜಿನ್ ಹಾಕಿ ವೇಗ ತರುವುದು ಹಣವಂತರ ದಾರಿ. ಇವರು ತೂಕ ಕಳೆದು ವೇಗ ತಂದರು.

"ಆ ಕಾಲದಲ್ಲಿ ಅಲ್ಲಿ ಪೂರ್ಣ ಕಾರಿಗೆ ಭಾರಿ ತೆರಿಗೆ ಇತ್ತು, ಬಿಡಿಭಾಗಗಳಿಗೆ ಇರಲಿಲ್ಲ. ಆದ್ದರಿಂದ ಪಿಪಿಟ್ ಕಾರನ್ನು ಪೆಟ್ಟಿಗೆಗಳಲ್ಲಿ ತುಂಡುತುಂಡಾಗಿ ಮಾರುತ್ತಿದ್ದರು. ಕೊಂಡವನು ಮನೆಯಲ್ಲಿ ಜೋಡಿಸಿಕೊಳ್ಳಬೇಕು. ಆದರೆ ಜೋಡಿಸುವ ಕ್ರಮವನ್ನು ಬರೆದುಕೊಟ್ಟರೆ ಅದು ಕಾರನ್ನೇ ಮಾರಿದಂತೆ ಎಂದು ಸರ್ಕಾರದ ವಾದ. ಅಣ್ಣತಮ್ಮಂದಿರು ಜೋಡಿಸುವ ಕ್ರಮ ಬರೆಯಲಿಲ್ಲ. ಬಿಚ್ಚುವ ಕ್ರಮವನ್ನು ಹನ್ನೊಂದು ಹಾಳೆಗಳಲ್ಲಿ ಟೈಪು ಮಾಡಿ ಪೆಟ್ಟಿಗೆಯಲ್ಲಿಟ್ಟರು. ಬಿಚ್ಚುವುದನ್ನು ಹೇಳಿಕೊಡಬಾರದೆಂದು ಯಾವ ಕಾನೂನೂ ಇರಲಿಲ್ಲ. ಕೊಂಡವನು ಕೊನೆಯ ಹಾಳೆಯ ಕೊನೆಯ ಸಾಲಿನಿಂದ ಮೇಲಕ್ಕೆ ಓದುತ್ತಾ ಪ್ರತಿಯೊಂದನ್ನೂ ತಿರುಗಿಸಿ ಮಾಡಬೇಕು. 'ತೆಗೆ' ಎಂದಿದ್ದರೆ ಹಾಕು, 'ಸಡಿಲಿಸು' ಎಂದಿದ್ದರೆ ಬಿಗಿ ಮಾಡು.

"ಸುಮಾರು ನೂರ ನಲವತ್ತು ಕಾರುಗಳ ನಂತರ (ಖಚಿತವಿಲ್ಲ) ಶೆಡ್ಡು ಮುಚ್ಚಿತು. 1958ರ ಒಂದು ಕಿಟ್ಟನ್ನು ಕೊಂಡಿದ್ದ ಇಂಗ್ಲಿಷ್ ನಕ್ಷೆಗಾರನೊಬ್ಬ ಅದನ್ನು ಜೋಡಿಸದೆಯೇ, ಪೆಟ್ಟಿಗೆಗಳ ಸಮೇತ, 1966ರಲ್ಲಿ ಸಿಯಾಟಲ್‌ಗೆ ವಿಮಾನ ಕಾರ್ಖಾನೆಯ ಕೆಲಸಕ್ಕೆ ಬಂದ. ನಾಲ್ಕೈದು ವರ್ಷಕ್ಕೆ ಈ ಊರು ಸಾವಿರಾರು ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿತು. ಈಗಿನ ಹುಡುಗರಿಗೆ ಅದು ಗೊತ್ತಿಲ್ಲ, ಯಾರೂ ಹೇಳುವುದೂ ಇಲ್ಲ. ಅವನ ಕೆಲಸವೂ ಹೋಯಿತು. ಪೆಟ್ಟಿಗೆಗಳು ನೆಲಮಾಳಿಗೆಯಲ್ಲಿ ಉಳಿದವು. 1994ರಲ್ಲಿ ಅವನ ಹೆಂಡತಿ ಕೆಂಟ್‌ನ ನಮ್ಮ ವಿಮಾನ ಬಿಡಿಭಾಗಗಳ ಕಾರ್ಖಾನೆಯ ಸೂಚನಾ ಫಲಕದಲ್ಲಿ ಒಂದು ಚೀಟಿ ಅಂಟಿಸಿದಳು: ಕಾರು, ತುಂಡುಗಳಲ್ಲಿ, ಪೂರ್ತಿ ಮಾಡುತ್ತೇವೆಂದು ಮಾತು ಕೊಡುವವರಿಗೆ.

"ಮಾತು ಕೊಟ್ಟವರು ಇಬ್ಬರು. ತಪಾಸಣೆ ವಿಭಾಗದ ವೀರಣ್ಣ ಹೊಸಮನಿ, ಗದಗದವರು. ಲೇತ್ ವಿಭಾಗದ ಒಸ್ವಾಲ್ಡ್ ಪಿಂಟೊ, ಮಂಗಳೂರಿನವರು. ಪಿಂಟೊ ಅವರ ಗ್ಯಾರೇಜಿನಲ್ಲಿ ಮೂರು ವರ್ಷ ಕೆಲಸ ನಡೆಯಿತು. ಭಾನುವಾರ ಪಿಂಟೊ ಅವರಿಗೆ ಚರ್ಚು, ಶನಿವಾರ ಹೊಸಮನಿಯವರಿಗೆ ಪಾಳಿ. ಆದ್ದರಿಂದ ಶನಿವಾರ ಒಬ್ಬರು, ಭಾನುವಾರ ಇನ್ನೊಬ್ಬರು. ಕಾರ್ಖಾನೆಯ ಕ್ರಮವನ್ನೇ ಇಟ್ಟುಕೊಂಡರು: ಒಂದು ಹಾಳೆ ಒಬ್ಬನದು. ಹಾಳೆಯಲ್ಲಿ ಇದ್ದದ್ದನ್ನು ಮಾಡಬೇಕು, ಇಲ್ಲದ್ದನ್ನು ಮುಟ್ಟಬಾರದು, ಪ್ರತಿ ಸಾಲಿನ ಮುಂದೆ ಗುರುತು ಹಾಕಿ ಕೆಳಗೆ ಸಹಿ ಮಾಡಬೇಕು. ಇನ್ನೊಬ್ಬನ ಹಾಳೆಗೆ ತಲೆ ಹಾಕಬಾರದು.

"ರಾಜ್ಯದ ನೋಂದಣಿ ಅರ್ಜಿಯಲ್ಲಿ ಜೋಡಿಸಿದವನ ಹೆಸರಿಗೆ ಒಂದೇ ಗೆರೆ ಇತ್ತು. ಚೀಟಿ ಎತ್ತಿದರು. ಹೊಸಮನಿಯವರ ಹೆಸರು ಬಂತು.

"17 ಆಗಸ್ಟ್ 1997, ಭಾನುವಾರ, ಗ್ರೀನ್ ನದಿಯ ಪಕ್ಕದ ರಸ್ತೆಯಲ್ಲಿ ಪಿಂಟೊ ಅವರು ಮೂವತ್ತು ಮೈಲಿ ವೇಗದಲ್ಲಿ ಓಡಿಸುತ್ತಿದ್ದಾಗ ಮುಂದಿನ ಎಡ ಚಕ್ರ ಕಳಚಿ ಕಾರು ಬ್ಲ್ಯಾಕ್‌ಬೆರಿ ಪೊದೆಯ ಚರಂಡಿಗೆ ಇಳಿಯಿತು. ಪಕ್ಕದ ಸೀಟಿನಲ್ಲಿದ್ದವರಿಗೆ ಗಾಯವಾಯಿತು. ಚಕ್ರದ ನಡುವಿನ ಗುಂಭವನ್ನು ಹಿಡಿದಿಡುವ ನಟ್ಟು ತಾನಾಗಿ ಸಡಿಲವಾಗದಂತೆ ಅದರ ಅಡ್ಡಕ್ಕೆ ಒಂದು ಸ್ಪ್ಲಿಟ್ ಪಿನ್ ತೂರಿಸಬೇಕು. ಅದನ್ನು ತೂರಿಸಿರಲಿಲ್ಲ. ನಟ್ಟು ಬಿಗಿ ಮಾಡುವುದು ನಾಲ್ಕನೇ ಹಾಳೆಯ ಕೆಲಸ, ಪಿಂಟೊ ಅವರದು. ಅದು ಆಗಿತ್ತು. ಪಿನ್ ಹಾಕುವುದು ಮೂರನೇ ಹಾಳೆಯ ಕೆಲಸ, ಹೊಸಮನಿಯವರದು. ಅದು ಆಗಿರಲಿಲ್ಲ."

ಇಷ್ಟು. ಒಂದು ವಿಶೇಷಣವನ್ನೂ ಹಾಕಿಲ್ಲ ಎಂಬುದನ್ನು ಗಮನಿಸಿ. ಮೂಲ ಹಾಳೆಗಳು ನನ್ನ ಹತ್ತಿರ ಕಡತದಲ್ಲಿವೆ. ಅಪಘಾತದ ಸಂಜೆಯೇ ಮೂರನೇ ಹಾಳೆ ತೆಗೆದು ನೋಡಿದ್ದೆ. ಕೊನೆಯ ಸಾಲು ಸ್ಪಷ್ಟವಾಗಿದೆ: ಸ್ಪ್ಲಿಟ್ ಪಿನ್ ಹೊರಗೆಳೆ.

ಇತಿ,
ಒಸ್ವಾಲ್ಡ್ ಪಿಂಟೊ


ಕರ್ಕ್‌ಲ್ಯಾಂಡ್
6 ಜುಲೈ 2025

ಒಸ್ವಾಲ್ಡ್ ಅವರಿಗೆ,

ಚೆನ್ನಾಗಿ ಬರೆದಿದ್ದೀರಿ. ಎರಡು ಸಣ್ಣ ತಿದ್ದುಪಡಿ. ಚೀಟಿ ಎತ್ತಲಿಲ್ಲ, ನಾಣ್ಯ ಚಿಮ್ಮಿದೆವು. ಕಾರಿನ ತೂಕ ಒಂಬೈನೂರ ಮೂವತ್ತು ಪೌಂಡು. ನೀವು ಹೆಚ್ಚುವರಿ ಚಕ್ರದ ತೂಕ ಬಿಟ್ಟಿದ್ದೀರಿ.

ಮೂರನೆಯದು ಸಣ್ಣದಲ್ಲ. ನಿಮ್ಮ ಹತ್ತಿರ ಇರುವುದು ಮೂಲ ಹಾಳೆ. ನಾನು ಕೆಲಸ ಮಾಡಿದ್ದು ಅದರಿಂದಲ್ಲ. ಮೂಲ ಹಾಳೆಗಳು ಒಣಗಿ ಪುಡಿಯಾಗುತ್ತಿದ್ದವೆಂದು ನೀವು ನನ್ನ ಪಾಲಿನ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಕೊಟ್ಟಿದ್ದಿರಿ. ಮನೆಗೆ ಒಯ್ದು ಓದಿಕೊಂಡು ಬರಲಿ ಎಂದು. ಆ ಜೆರಾಕ್ಸ್ ಪ್ರತಿ ಇನ್ನೂ ಇದೆ. ಮೂರನೆಯದನ್ನು ಇದರ ಜೊತೆ ಇಟ್ಟಿದ್ದೇನೆ. ಪ್ರತಿ ಸಾಲಿಗೂ ನನ್ನ ಗುರುತು ಇದೆ, ಸಹಿ ಇದೆ. ಪಿನ್ನಿನ ಸಾಲು ಇಲ್ಲ. ಕೊನೆಯ ಸಾಲು ಗ್ರೀಸ್ ಟೋಪಿ ತೆಗೆಯುವುದು. ಎಂದರೆ ನನ್ನ ಮೊದಲ ಕೆಲಸ ಗ್ರೀಸ್ ಟೋಪಿ ಕೂರಿಸುವುದು. ಕೂರಿಸಿದೆ. ನಟ್ಟು ಅದರೊಳಗೆ ಮುಚ್ಚಿಹೋಯಿತು.

ಅಪಘಾತವಾದ ಮುಂದಿನ ವಾರ ಬಲಗಡೆಯ ಚಕ್ರ ಬಿಚ್ಚಿದೆ. ಅದರಲ್ಲೂ ಪಿನ್ ಇರಲಿಲ್ಲ. ಆಗ ನನ್ನ ಹಾಳೆ ತೆಗೆದು ನೋಡಿದೆ. ಅದರಲ್ಲಿಲ್ಲ. ಹಾಗಾದರೆ ನಿಮ್ಮ ಹಾಳೆಯಲ್ಲಿ ಇದ್ದಿರಬೇಕು, ನೀವು ಎರಡು ಕಡೆಯೂ ಬಿಟ್ಟಿದ್ದೀರಿ ಎಂದುಕೊಂಡೆ. ಇಪ್ಪತ್ತೆಂಟು ವರ್ಷ ಹಾಗೇ ಅಂದುಕೊಂಡಿದ್ದೇನೆ. ಅದಕ್ಕೇ ನಿಕಿತಾ ಬರೆದದ್ದನ್ನು ಓದಿ ಸುಮ್ಮನಿದ್ದೆ.

ಆಗಲೇ ಕೇಳಬಹುದಿತ್ತಲ್ಲ ಎಂದು ನೀವು ಬರೆಯುತ್ತೀರಿ. ಕೇಳಬೇಕೆಂದೇ ಇದ್ದೆ. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಡೆದದ್ದು ನಿಮಗೆ ನೆನಪಿರಬೇಕು. ಒಳಗೆ ನನ್ನ ಹೆಂಡತಿ ಗೌರಾಳ ಮೊಣಕೈಯ ಎಕ್ಸ್‌ರೇ ತೆಗೆಯುತ್ತಿದ್ದರು. ನಾನು ಆಗಷ್ಟೇ ಓಡಿ ಬಂದಿದ್ದೆ. ನೀವು ಎದ್ದು ಬಂದು ನನ್ನ ತೋಳು ಹಿಡಿದು ಕೇಳಿದ ಮೊದಲ ಮಾತು, "ವೀರಣ್ಣ, ಪಿನ್ ಹಾಕಿದ್ಯಾ ಇಲ್ವಾ? ಸರೀ ಹೇಳು ಮಾರಾಯಾ." ನಾನು ಎಕ್ಸ್‌ರೇ ಕೋಣೆಯ ಬಾಗಿಲ ಕಡೆ ತಿರುಗಿದೆ. "ನಿನ್ನ ಸಹಿ ಉಂಟಲ್ಲ" ಅಂದಿರಿ. ಅವಳು ಹೇಗಿದ್ದಾಳೆ ಎಂದು ನೀವು ಕೇಳಲಿಲ್ಲ. ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಇದನ್ನು ಇತಿಹಾಸದಲ್ಲಿ ಸೇರಿಸಬೇಕೆಂದು ಹೇಳುತ್ತಿಲ್ಲ.

ವೀರಣ್ಣ


ಕೆಂಟ್
2 ಆಗಸ್ಟ್ 2025

ಪ್ರಿಯ ವೀರಣ್ಣ,

ನಿನ್ನ ಪತ್ರ ಬಂದು ಮೂರು ವಾರಕ್ಕೂ ಹೆಚ್ಚಾಯಿತು. ಉತ್ತರವನ್ನು ಐದು ಸಲ ಬರೆದು ಹರಿದೆ.

ನೀನು ಕಳಿಸಿದ ಜೆರಾಕ್ಸನ್ನು ಮೂಲ ಹಾಳೆಯ ಮೇಲೆ ಇಟ್ಟು ನೋಡಿದೆ. ಮೇಲಿನ ಅಂಚು, ಪಕ್ಕದ ಅಂಚು ಸರಿಯಾಗಿ ಕೂತವು. ಕೆಳಗೆ ಮೂಲ ಹಾಳೆ ಎರಡು ಇಂಚು ಹೊರಗೆ ಉಳಿಯಿತು.

ಇಂಗ್ಲೆಂಡಿನ ಹಳೆಯ ಟೈಪ್ ಹಾಳೆ ಹದಿಮೂರು ಇಂಚು ಉದ್ದ. ಊರಿನ ಕೋರ್ಟುಗಳಲ್ಲಿ ಅರ್ಜಿ ಬರೆಯುತ್ತಿದ್ದದ್ದೂ ಅಂಥದೇ ಉದ್ದ ಕಾಗದದಲ್ಲಿ. ಇಲ್ಲಿಯ ಜೆರಾಕ್ಸ್ ಯಂತ್ರದ ಕಾಗದ ಹನ್ನೊಂದು ಇಂಚು. ಬೇರೆ ಹಾಳೆಗಳಲ್ಲಿ ಕೆಳಗೆ ಎರಡು ಇಂಚಿಗಿಂತ ಹೆಚ್ಚು ಜಾಗ ಖಾಲಿ ಬಿಟ್ಟಿದ್ದಾರೆ, ಏನೂ ಕಳೆದಿಲ್ಲ. ಮೂರನೇ ಹಾಳೆಯಲ್ಲಿ ಮಾತ್ರ ಟೈಪು ಮಾಡಿದವನು ಒಂದು ಸಾಲನ್ನು ಕೆಳಕ್ಕೆ ತುರುಕಿದ್ದಾನೆ. ಸಾಲುಗಳಿಗೆ ಸಂಖ್ಯೆ ಇಲ್ಲ, ಒಂದು ಬಿಟ್ಟುಹೋದರೆ ತಿಳಿಯುವಂತಿಲ್ಲ.

ಜೆರಾಕ್ಸ್ ಮಾಡಿದವನು ನಾನು. ಊಟದ ಬಿಡುವಿನಲ್ಲಿ, ಕಾರ್ಖಾನೆಯ ಕಚೇರಿಯ ಯಂತ್ರದಲ್ಲಿ. ಸೂಪರ್‌ವೈಸರ್ ಬರುವುದರೊಳಗೆ ಮುಗಿಸಬೇಕಿತ್ತು. ಬಂದ ಪ್ರತಿಯನ್ನು ಮೂಲದ ಜೊತೆ ಹೋಲಿಸಿ ನೋಡಲಿಲ್ಲ. ಒಂದು ಇಂಚಿನ ಸಾವಿರದಲ್ಲೊಂದು ಪಾಲು ಹೆಚ್ಚುಕಡಿಮೆಯಾದರೆ ತುಂಡನ್ನು ಬಿಸಾಡುತ್ತಿದ್ದವನು ನಾನು. ಎರಡು ಇಂಚು ನನ್ನ ಕಣ್ಣಿಗೆ ಬೀಳಲಿಲ್ಲ.

ಆದ್ದರಿಂದ ತಪ್ಪು ನಿನ್ನದಲ್ಲ. ಸಾಲು ನಿನ್ನ ಕೈಗೆ ಬರಲೇ ಇಲ್ಲ. ಬಾರದಂತೆ ಮಾಡಿದವನು ನಾನು. ಅದರ ಮೇಲೆ ಇಪ್ಪತ್ತೆಂಟು ವರ್ಷ ನಿನ್ನ ಹೆಸರನ್ನು ಮನಸ್ಸಿನಲ್ಲಿ ಕೆಟ್ಟದಾಗಿ ಇಟ್ಟುಕೊಂಡಿದ್ದೆ.

ಕಾರಿಡಾರಿನ ಮಾತು ನನಗೆ ನೆನಪಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆ ದಿನದ ಹವಾಮಾನ ಹೇಳಬಲ್ಲೆ. ಚರಂಡಿಯಿಂದ ನಮ್ಮನ್ನು ಎತ್ತಿದ ಟ್ರಕ್ಕಿನ ಬಣ್ಣ ಹೇಳಬಲ್ಲೆ. ಇದು ಮಾತ್ರ ಇಲ್ಲ. ನೀನು ತಪ್ಪು ನೆನಪಿಟ್ಟಿದ್ದೀ ಎಂದು ಬರೆಯಲು ಹೊರಟಿದ್ದೆ. ಮೊದಲು ಅಡುಗೆಮನೆಗೆ ಹೋಗಿ ಹಿಲ್ಡಾಳನ್ನು ಕೇಳಿದೆ.

"ನಾನು ಹಾಗೆ ಕೇಳಿದ್ದೆನಾ?"

ಅವಳು ಬಟಾಟೆ ಸುಲಿಯುತ್ತಿದ್ದಳು. ತಲೆ ಎತ್ತಲಿಲ್ಲ. "ಕೇಳಿದ್ದೀರಿ. ನಾನು ಅಲ್ಲೇ ಬೆಂಚಿನಲ್ಲಿ ಕೂತಿದ್ದೆ. ಎರಡು ಸಲ ಕೇಳಿದ್ದೀರಿ."

"ಮತ್ತೆ ನೀನು ನನಗೆ ಹೇಳ್ಲಿಲ್ಲ ಯಾಕೆ?"

"ನಿಮಗೆ ಹೇಳುವುದಾ? ನೀವು ಆಗ ಮನೆಗೆ ಬಂದವರೇ ಹಾಳೆ ಹುಡುಕಲಿಕ್ಕೆ ಕೂತಿದ್ರಿ. ಶರ್ಟಿನಲ್ಲಿ ಅವಳ ರಕ್ತ ಇತ್ತು, ಅದನ್ನೂ ಬಿಚ್ಚಲಿಲ್ಲ."

ನಾನು ಮೇಜಿಗೆ ಹೋಗಿ ಕರಡು ತೆಗೆದೆ.

ಇತಿಹಾಸದ ಕೊನೆಯ ಭಾಗವನ್ನು ಹೀಗೆ ತಿದ್ದಿದ್ದೇನೆ: "ಮೂರನೇ ಹಾಳೆಯ ಜೆರಾಕ್ಸ್ ಮಾಡುವಾಗ ಒಸ್ವಾಲ್ಡ್ ಪಿಂಟೊ ಅವರ ಅಜಾಗರೂಕತೆಯಿಂದ ಕೊನೆಯ ಸಾಲು ಬಿಟ್ಟುಹೋಯಿತು. ಅದರಿಂದ ಪಿನ್ ಹಾಕಲಾಗಲಿಲ್ಲ. ಚಕ್ರ ಕಳಚಿತು. ಪಕ್ಕದ ಸೀಟಿನಲ್ಲಿದ್ದವರಿಗೆ ಗಾಯವಾಯಿತು." ಫಲಕದಲ್ಲೂ ಇದೇ ವಾಕ್ಯಗಳು ಬರಬೇಕು. ಲೋಹದಲ್ಲೇ ಬರಬೇಕು. ಸುಳ್ಳು ನನ್ನ ಹೆಸರಿಗೆ ಅಂಟಿದೆ ಎಂದಾಗ ನಾನು ಕೂಗಾಡಿದೆ. ನಿಜ ನನ್ನ ಹೆಸರಿಗೆ ಅಂಟುವಾಗ ಸಣ್ಣ ಅಕ್ಷರ ಕೇಳುವವನಲ್ಲ.

ನಿನ್ನ
ಒಸ್ವಾಲ್ಡ್


ಕರ್ಕ್‌ಲ್ಯಾಂಡ್
9 ಆಗಸ್ಟ್ 2025

ಒಸ್ವಾಲ್ಡ್,

ನೀನು ಬರೆದ ವಾಕ್ಯಕ್ಕೆ ನಾನು ಸಹಿ ಹಾಕುವುದಿಲ್ಲ.

ನಾನು ತಪಾಸಣೆಯವನು. ನಟ್ಟಿನ ತಲೆಯಲ್ಲಿ ಆರು ಸೀಳು ಇದ್ದವು, ಅಚ್ಚಿನಲ್ಲಿ ಒಂದು ತೂತು ಇತ್ತು. ಅದು ಪಿನ್ ತೂರಿಸಲಿಕ್ಕೆ ಎಂದು ಐಟಿಐ ಮೊದಲ ವರ್ಷದವನಿಗೂ ಗೊತ್ತು. ನೋಡಿದೆ, ಮೇಲೆ ಟೋಪಿ ಕೂರಿಸಿದೆ. ಎರಡು ಕಡೆಯೂ. ಹಾಳೆಯಲ್ಲಿ ಇಲ್ಲದ್ದನ್ನು ಮುಟ್ಟಬಾರದು ಎಂದು ಇಟ್ಟುಕೊಂಡಿದ್ದೆವಲ್ಲ, ಆ ಕಟ್ಟಳೆಯ ಹಿಂದೆ ನಿಂತೆ. ಕಾಗದದಲ್ಲಿ ಎರಡು ಇಂಚು ನಿನ್ನ ಕಣ್ಣು ತಪ್ಪಿತು. ಕಬ್ಬಿಣದಲ್ಲಿ ತೂತು ನನ್ನ ಕಣ್ಣೆದುರಿಗೇ ಇತ್ತು. ಯಾವುದು ದೊಡ್ಡದು ನೀನೇ ಹೇಳು.

"ಇಬ್ಬರ ತಪ್ಪಿನಿಂದ" ಎಂದು ತಿದ್ದು. ಆಗ ಸಹಿ ಹಾಕುತ್ತೇನೆ. ನಿಕಿತಾ ನಗುತ್ತಿದ್ದಾಳೆ. ಮೇ ತಿಂಗಳಲ್ಲಿ ನನ್ನದಲ್ಲ ನಿನ್ನದು ಅಂತಿದ್ದರು, ಈಗ ನಿನ್ನದಲ್ಲ ನನ್ನದು ಅಂತಿದ್ದಾರೆ ಎಂದು. ಅವಳ ಅವ್ವ ಏನೂ ನಗಲಿಲ್ಲ. ಎರಡೂ ಕರಡು ಇಸಿದುಕೊಂಡು ಕನ್ನಡಕ ಹಾಕಿಕೊಂಡು ಓದಿದಳು. "ನಾನೂ ಒಂದ್ ಕಾಗದಾ ಬರೀತೀನಿ" ಅಂದಳು. "ಯಾರಿಗೆ?" ಅಂದೆ. "ನಿಮಗಂತೂ ಅಲ್ಲ, ನೀವು ಮನ್ಯಾಗ ಅದೀರಲ್ಲ" ಅಂದಳು.

ವೀರಣ್ಣ


ಕರ್ಕ್‌ಲ್ಯಾಂಡ್
14 ಆಗಸ್ಟ್ 2025, ಗುರುವಾರ

ಒಸ್ವಾಲ್ಡ್ ಅಣ್ಣಾವರಿಗೆ ಗೌರಾದೇವಿಯ ನಮಸ್ಕಾರ.

ನೀವು ಬರೆದ ಇತಿಹಾಸ ಓದಿದೆ. ಇಂಗ್ಲೆಂಡಿನ ಅಣ್ಣತಮ್ಮಂದಿರು ಇದ್ದಾರೆ, ನಕ್ಷೆಗಾರ ಇದ್ದಾನೆ, ಚೀಟಿ ಅಂಟಿಸಿದ ಹೆಣ್ಣುಮಗಳು ಇದ್ದಾಳೆ, ಹಕ್ಕಿಯೂ ಇದೆ. ನಾನು ಇಲ್ಲ. ನಾನು "ಪಕ್ಕದ ಸೀಟಿನಲ್ಲಿದ್ದವರು". ಮೊದಲ ಕರಡಿನಲ್ಲೂ ಅಷ್ಟೇ, ತಿದ್ದಿದ ಕರಡಿನಲ್ಲೂ ಅಷ್ಟೇ. ಇವರು ನಿಮ್ಮ ಜೆರಾಕ್ಸ್ ತಿದ್ದಿದರು, ಕಾರಿನ ತೂಕ ತಿದ್ದಿದರು. ಅದನ್ನು ತಿದ್ದಲಿಲ್ಲ.

ತಪ್ಪು ಯಾರದೆಂದು ನೀವಿಬ್ಬರೂ ಇನ್ನೂ ಹತ್ತು ಕಾಗದ ಬರೆದುಕೊಳ್ಳಬಹುದು. ನನಗೆ ಅದರಲ್ಲಿ ಆಸಕ್ತಿ ಇಲ್ಲ. ಫಲಕದಲ್ಲಿ ಹೀಗೆ ಬರೆಯಿರಿ: "ಜೋಡಿಸಿದವರು ವೀರಣ್ಣ ಹೊಸಮನಿ, ಒಸ್ವಾಲ್ಡ್ ಪಿಂಟೊ. ಒಂದು ಪಿನ್ನನ್ನು ಇಬ್ಬರೂ ಹಾಕಲಿಲ್ಲ. 1997ರಲ್ಲಿ ಚಕ್ರ ಕಳಚಿ ಗೌರಾದೇವಿ ಹೊಸಮನಿ ಅವರ ಬಲಗೈ ಮುರಿಯಿತು." ನಿಕಿತಾಗೆ ಹೇಳಿದ್ದೇನೆ. ನನ್ನ ಹೆಸರಿಲ್ಲದೆ ಕಾರು ಮನೆಯಿಂದ ಹೊರಗೆ ಹೋಗುವುದಿಲ್ಲ.

ಈಗ ನೀವು ಕೇಳದೆ ಬಿಟ್ಟದ್ದಕ್ಕೆ ಉತ್ತರ. ಕೈ ಪೂರ್ತಿ ಚಾಚಲು ಬರುವುದಿಲ್ಲ. ಬರೆಯಲು ಬರುತ್ತದೆ, ನೋಡುತ್ತಿದ್ದೀರಲ್ಲ. ಚಳಿಗೆ ನೋಯುತ್ತದೆ, ಇಲ್ಲಿ ಒಂಬತ್ತು ತಿಂಗಳು ಚಳಿಯೇ. ರೊಟ್ಟಿ ಬಡಿಯಲು ಆಗುವುದಿಲ್ಲ. ಗದಗದ ಕಡೆಯ ಮನೆಯಲ್ಲಿ ರೊಟ್ಟಿ ಇಲ್ಲ ಎಂದರೆ ಏನೆಂದು ಮಂಗಳೂರಿನವರಿಗೆ ಹೇಳಿ ತಿಳಿಯುವಂಥದ್ದಲ್ಲ. ಆದರೆ ಒಬ್ಬಳಿಗೆ ತಿಳಿಯಿತು.

ಆಸ್ಪತ್ರೆಯಿಂದ ನಾನು ಮನೆಗೆ ಬಂದ ವಾರ ಹಿಲ್ಡಾ ಬಂದಳು. ಆ ದಿನ ಗುರುವಾರ, ಅವಳಿಗೆ ನರ್ಸ್ ಕೆಲಸಕ್ಕೆ ರಜೆ. "ಹಿಟ್ಟು ಎಲ್ಲುಂಟು?" ಎಂದಳು. ನಾನು ಕುರ್ಚಿಯಲ್ಲಿ ಕೂತು ಬೈಯುತ್ತಾ ಹೇಳಿಕೊಟ್ಟೆ. "ಇದೇನ್ ನಕ್ಷೆ ಬರಿಯಾಕತ್ತಿ ಏನ, ದುಂಡಗ ಬಡಿಯ ತಂಗಿ!" ಎನ್ನುತ್ತಿದ್ದೆ. "ದುಂಡು ಬೇಕಾದ್ರೆ ಬಟ್ಟಲು ಕೊಡು, ಕತ್ತರಿಸ್ತೇನೆ" ಎನ್ನುತ್ತಿದ್ದಳು. ಮೂರು ತಿಂಗಳಿಗೆ ಕಲಿತಳು. ಈಗ ನನ್ನ ಅತ್ತೆಗಿಂತ ತೆಳ್ಳಗೆ ಬಡಿಯುತ್ತಾಳೆ. ಇಪ್ಪತ್ತೆಂಟು ವರ್ಷದಿಂದ ಪ್ರತಿ ಗುರುವಾರ, ವಾರಕ್ಕೆ ಇಪ್ಪತ್ತು ರೊಟ್ಟಿ. ಮೆತ್ತಗಿನವು ಎರಡು ದಿನಕ್ಕೆ, ಉಳಿದವನ್ನು ಒಣಗಿಸಿ ಕಟಿ ಮಾಡಿ ಇಡುತ್ತೇವೆ.

ಇವರಿಗೆ ಮೊದಲಿನಿಂದಲೂ ಗೊತ್ತು. ಗುರುವಾರ ಅವಳು ಬರುವ ಹೊತ್ತಿಗೆ ಕೆರೆಯ ದಂಡೆಗೆ ವಾಕಿಂಗ್ ಹೋಗುತ್ತಾರೆ, ವಾಪಸ್ ಬಂದು ಮಾತಿಲ್ಲದೆ ರೊಟ್ಟಿ ತಿನ್ನುತ್ತಾರೆ. ನಿಮ್ಮಿಂದ ಏನೂ ಮುಚ್ಚಿಟ್ಟಿಲ್ಲವೆಂದು ಹಿಲ್ಡಾ ಹೇಳುತ್ತಾಳೆ. ಗುರುವಾರ ಗೆಳತಿಯ ಮನೆಗೆ ಹೋಗುತ್ತೇನೆ ಎಂದು ಹೇಳಿಯೇ ಹೊರಡುತ್ತಾಳಂತೆ. ಯಾವ ಗೆಳತಿ ಎಂದು ನೀವು ಕೇಳಿಲ್ಲ. ಕೌಂಟಿ ಕಚೇರಿಗೆ ಕಾಗದ ಬರೆಯುತ್ತಾ ಕೂತಿರುತ್ತೀರಂತೆ, ಬಸ್ಸುಗಳು ಹೊತ್ತಿಗೆ ಬರುವುದಿಲ್ಲವೆಂದು. ಅದು ಒಳ್ಳೆಯ ಕೆಲಸ, ನಿಲ್ಲಿಸಬೇಡಿ. ಆ ಬಸ್ಸಿನಲ್ಲೇ ನಿಮ್ಮ ಹೆಂಡತಿ ಬರುವುದು.

ಮೊದಲು ತಾನೇ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಹೋದ ವರ್ಷದಿಂದ ಕಣ್ಣು ಸಾಲದು ಎಂದು ಬಿಟ್ಟಿದ್ದಾಳೆ. ಕೆಂಟ್‌ನಿಂದ ಹೊರಟು, ಬೆಲ್‌ವ್ಯೂನಲ್ಲಿ ಬದಲಾಯಿಸಿ, ಇಲ್ಲಿ ಇಳಿದು ಗುಡ್ಡ ಹತ್ತಿ ಬರುತ್ತಾಳೆ. ಅವಳಿಗೂ ಎಪ್ಪತ್ತೊಂದಾಯಿತು.

ಈ ಕಾಗದಕ್ಕೆ ಅಂಚೆಚೀಟಿ ಹಚ್ಚಿಲ್ಲ. ಹಿಲ್ಡಾ ಇಲ್ಲೇ ಹಂಚಿನ ಮುಂದೆ ನಿಂತಿದ್ದಾಳೆ, ಅವಳ ಕೈಯಲ್ಲೇ ಕಳಿಸುತ್ತೇನೆ. ಉತ್ತರ ಬರೆಯಬೇಡಿ. ಬರುವ ಗುರುವಾರ ಅವಳನ್ನು ನೀವೇ ಕಾರಿನಲ್ಲಿ ಕರೆದುಕೊಂಡು ಬನ್ನಿ. ಕೆಳಗೇ ನಿಂತು ಹಾರನ್ ಹೊಡೆದು ಹೋಗಬೇಡಿ, ಮೇಲೆ ಬನ್ನಿ. ಇವರಿಗೆ ಆ ದಿನ ವಾಕಿಂಗ್ ಇಲ್ಲವೆಂದು ಹೇಳಿಯಾಗಿದೆ.

ಗೌರಾದೇವಿ